ನೂರಾ ನಲವತ್ತನಾಲ್ಕು ಮೊಳೆ

ಡೆಲ್ಬರ್ಟನ ಅಂಗಡಿಗೆ ಹೋಗಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಬಂಡಿಯ ಪಟ್ಟಾಕ್ಕೆ ಮೊಳೆ ಕೊಡಿ ಎಂದು ಕೇಳುವುದು ಹೆಣ್ಣು ಕೇಳಲು ಹೋದ ಹಾಗೆ. ದುಡ್ಡು ಕೊಟ್ಟರೆ ಸಾಕು ಎಂದುಕೊಂಡವರು ಬರಿಗೈಯಲ್ಲಿ ಹಿಂದಿರುಗಿದ್ದುಂಟು. ಎಪ್ಪತ್ತು ದಾಟಿದ ಆ ಮನುಷ್ಯ ಮೊದಲು ಕನ್ನಡಕ ಒರೆಸಿಕೊಳ್ಳುತ್ತಾನೆ. ಆಮೇಲೆ ನಿಮ್ಮ ಬಂಡಿ ಯಾವುದು, ಅದರ ರಬ್ಬರ್ ಪಟ್ಟಾ ಎಷ್ಟುದ್ದ, ಪಟ್ಟಾದ ಹಲ್ಲು ಎಷ್ಟೆತ್ತರ, ಎಲ್ಲಿ ಓಡಿಸುತ್ತೀರಿ, ಯಾಕೆ ಓಡಿಸುತ್ತೀರಿ ಎಂದು ಒಂದೊಂದಾಗಿ ಕೆದಕುತ್ತಾನೆ. ಜನವರಿಯ ಮೊದಲ ಶನಿವಾರ ಅವನ ಗಲ್ಲಾದ ಮುಂದೆ ನಿಂತಿದ್ದ ರೋಸಲಿಗೆ ಅಷ್ಟು ಪುರುಸೊತ್ತಿರಲಿಲ್ಲ. ಅವಳ ಮನೆಯಿದ್ದ ಬೆಲ್‌ರೋಶ್ ದ್ವೀಪಕ್ಕೆ ಆ ಚಳಿಗಾಲದ ಕೊನೆಯ ಲಾಂಚು ಮೂರು ಗಂಟೆಗೆ ಹೊರಡುವುದಿತ್ತು. ಅದಕ್ಕೂ ಮುಂಚೆ ಅವಳು ಆಸ್ಪತ್ರೆಗೆ ಹೋಗಬೇಕಿತ್ತು.

“ಒಂದು ಡಬ್ಬಿ ಮೊಳೆ ಕೊಡಿ ಡೆಲ್ಬರ್ಟ್. ಇರೋದ್ರಲ್ಲೇ ಉದ್ದದ್ದು ಕೊಡಿ” ಎಂದಳು.

“ಉದ್ದದ್ದು ಯಾಕಮ್ಮ?”

“ಜಾರಬಾರದು ಅಂತ.”

“ಜಾರಬಾರದು ಅಂದ್ರೆ ಮನೇಲಿ ಕೂತ್ಕೋಬೇಕು” ಎಂದು ಡೆಲ್ಬರ್ಟ್ ಕನ್ನಡಕ ಕಳಚಿದ. “ನಿಮ್ಮ ಪಟ್ಟಾದ ಹಲ್ಲು ಒಂದೂಕಾಲು ಅಂಗುಲ. ಮೊಳೆ ಅದರ ಮೇಲೆ ಕಿರುಬೆರಳಿನ ಉಗುರಿನಷ್ಟು ತಲೆ ಎತ್ತಿದ್ರೆ ಸಾಕು. ಕಮ್ಮಿಯಾದ್ರೆ ಐಸಿಗೆ ತಾಗೋದೇ ಇಲ್ಲ. ಜಾಸ್ತಿಯಾದ್ರೆ ಬಂಡಿ ಹೊಟ್ಟೇನೇ ಹರಿದು ಹಾಕುತ್ತೆ. ಎಲ್ಲಿ ಓಡಿಸ್ತೀಯ?”

“ಸೇತುವೆ ಮೇಲೆ. ದಿನಾ. ಒಬ್ಬಳೇ.”

ಸೇತುವೆ ಎಂದರೆ ಕಲ್ಲಿನದಲ್ಲ, ಮರದ್ದೂ ಅಲ್ಲ. ಹ್ಯೂರನ್ ಸರೋವರ ಹೆಪ್ಪುಗಟ್ಟಿದ ಮೇಲೆ ದ್ವೀಪಕ್ಕೂ ಈಚೆ ದಡಕ್ಕೂ ನಡುವೆ ನಾಲ್ಕು ಮೈಲಿ ಹಾಸಿಕೊಳ್ಳುವ ಮಂಜುಗಡ್ಡೆಗೇ ಅಲ್ಲಿಯವರು ಹಾಗೆನ್ನುವುದು. ಡೆಲ್ಬರ್ಟ್ ಒರೆಸಿದ ಕನ್ನಡಕವನ್ನು ಇನ್ನೊಮ್ಮೆ ಒರೆಸಿದ. ದಿನಾ ಯಾಕೆ ಎಂದು ಮಾತ್ರ ಕೇಳಲಿಲ್ಲ. ಅದು ಅವನಿಗೂ ಗೊತ್ತಿತ್ತು.

ನವೆಂಬರ್ ಎರಡನೇ ವಾರ ರೋಸಲಿಯ ಗಂಡ ಆರ್ಮಂಡ್ ಕಟ್ಟಿಗೆ ಒಟ್ಟುತ್ತಿದ್ದವನು ಕಟ್ಟಿಗೆಯ ಮೇಲೇ ಕುಸಿದಿದ್ದ. ಬಲಭಾಗ ಬಿದ್ದುಹೋಯಿತು, ಮಾತು ನಿಂತುಹೋಯಿತು. ಮಾತು ಮರಳುವುದಿದ್ದರೆ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು, ಮನೆಯವರು ಯಾರಾದರೂ ದಿನಾ ಎದುರು ಕೂತು ಮಾತಾಡುತ್ತಿರಬೇಕು ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದು ಅಷ್ಟೇ ಆಗಿದ್ದರೆ ರೋಸಲಿ ತಡೆದುಕೊಳ್ಳುತ್ತಿದ್ದಳು. “ಅವರಿಗೆ ಎಷ್ಟು ಅರ್ಥ ಆಗ್ತಿದೆ ಅನ್ನೋದನ್ನ ನಾವೀಗ ಹೇಳಕ್ಕಾಗಲ್ಲ” ಎಂದೂ ಸೇರಿಸಿದ್ದರು. ಆ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ದ್ವೀಪದ ಅಂಚೆ ಕಚೇರಿ ನೋಡಿಕೊಳ್ಳುವವಳು ಅವಳು. ಕೆಲಸ ಬಿಟ್ಟು ಈಚೆ ದಡದಲ್ಲಿ ಉಳಿದುಕೊಂಡರೆ ವಿಮೆ ಹೋಗುತ್ತದೆ, ವಿಮೆ ಹೋದರೆ ಆಸ್ಪತ್ರೆಯೂ ಹೋಗುತ್ತದೆ. ಪುಟ್ಟ ವಿಮಾನವೊಂದಿದೆ, ಅದು ಮೂಡು ಬಂದಾಗ ಹಾರುತ್ತದೆ. ಹಾಗಾಗಿ ಬೆಳಿಗ್ಗೆ ಅಂಚೆ, ಮಧ್ಯಾಹ್ನ ಮಂಜುಗಡ್ಡೆ ದಾಟಿ ಆರ್ಮಂಡ್, ಕತ್ತಲಾಗುವ ಮುಂಚೆ ಮನೆ ಎಂದು ಅವಳು ಲೆಕ್ಕ ಹಾಕಿದ್ದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಮೊಳೆಯ ಕೆಲಸಕ್ಕೆ ಅವಳು ಕೈ ಹಾಕಿದವಳೇ ಅಲ್ಲ, ಅದೆಲ್ಲ ಅವನದು.

ಡೆಲ್ಬರ್ಟ್ ಗಾಜಿನ ಮೇಲೆ ಎರಡು ಬಗೆ ಮೊಳೆ ಇಟ್ಟ. ಒಂದರ ತಲೆ ಮೊಂಡು, ಇನ್ನೊಂದರದು ಚೂಪು.

“ಮೊಂಡು ಮೊಳೆ ಕಾಡಿನ ದಾರಿಗೆ, ಗಟ್ಟಿ ಹಿಮಕ್ಕೆ. ನಿಮ್ಮ ಸೇತುವೆ ಮೇಲೆ ಗಾಳಿ ಹಿಮಾನೆಲ್ಲ ಗುಡಿಸಿ ಹಾಕಿರುತ್ತೆ, ಬರೀ ಕಪ್ಪು ಐಸು. ಅದಕ್ಕೆ ಚೂಪಾದ್ದೇ ಬೇಕು. ತೊಂಬತ್ತಾರು ಹಾಕಿದ್ರೂ ನಡೆಯುತ್ತೆ. ಆದ್ರೆ ಅವು ಪಟ್ಟಾದ ಮಧ್ಯದಲ್ಲಿ ಮಾತ್ರ ಕೂರ್ತವೆ, ಬಂಡಿ ಬಾಲ ಅಲ್ಲಾಡಿಸುತ್ತೆ. ನೀನು ಒಬ್ಬಳೇ ಹೋಗೋಳು. ನೂರಾ ನಲವತ್ತನಾಲ್ಕು ಹಾಕು, ಅಂಚಿನವರೆಗೂ ಹರಡಿ. ಬಂಡಿ ಮುಂದಿನ ಸ್ಕೀ ಹಲಗೆಗಳ ಅಡಿ ಕಬ್ಬಿಣ ಹೇಗಿದೆ? ಹಿಂದೆ ಇಷ್ಟು ಮೊಳೆ ಕಚ್ಚಿ ಹಿಡಿದ್ರೆ ಮುಂದೇನೂ ಅಷ್ಟೇ ಕಚ್ಚಬೇಕು. ಇಲ್ಲಾಂದ್ರೆ ನೀನು ಹ್ಯಾಂಡಲ್ ಎಡಕ್ಕೆ ತಿರುಗಿಸ್ತೀಯ, ಬಂಡಿ ನೇರವಾಗಿ ಹೋಗುತ್ತೆ.”

“ಹೋದ ವರ್ಷ ತಾನೇ ಹೊಸದು ಹಾಕಿದಾನೆ. ನಿಮ್ಮಲ್ಲೇ ತಗೊಂಡಿದ್ದು.”

“ಹೌದೌದು. ಕಾರ್ಬೈಡ್ ಅಂಚಿಂದು, ಎಂಟಂಗುಲದ್ದು. ಜ್ಞಾಪಕ ಇದೆ. ಹಾಗಾದ್ರೆ ಚಿಂತೆ ಇಲ್ಲ.”

ಇಬ್ಬರೂ ಆಡಿದ್ದು ನಿಜವೇ. ಆದರೂ ಅಲ್ಲೊಂದು ತಪ್ಪು ನಡೆದುಹೋಯಿತು.

ಆಸ್ಪತ್ರೆಯಲ್ಲಿ ಆರ್ಮಂಡ್ ಕಿಟಕಿ ಪಕ್ಕದ ಗಾಲಿಕುರ್ಚಿಯಲ್ಲಿ ಕೂತಿದ್ದ. ಯಾರೋ ಅವನ ಕೂದಲನ್ನು ಅವನು ಎಂದೂ ಬಾಚದ ಕಡೆಗೆ ಬಾಚಿದ್ದರು. ರೋಸಲಿ ಅದನ್ನು ಸರಿಮಾಡಿ, ಮೊಳೆಯ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟು ಮುಚ್ಚಳ ತೆಗೆದಳು. ಅವನು ಎಡಗೈಯಲ್ಲಿ ಒಂದು ಮೊಳೆ ಎತ್ತಿ ಅದರ ತುದಿಯ ಮೇಲೆ ಹೆಬ್ಬೆರಳು ಆಡಿಸಿದ. ಎರಡು ತಿಂಗಳಲ್ಲಿ ಅವನು ತಾನಾಗಿ ಒಂದು ವಸ್ತು ಕೈಗೆತ್ತಿಕೊಂಡದ್ದು ಅದೇ ಮೊದಲು. ರೋಸಲಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

“ಚೆನ್ನಾಗಿದೆಯಾ? ನೂರಾ ನಲವತ್ತನಾಲ್ಕು ಕಣೋ! ಡೆಲ್ಬರ್ಟೇ ಆರಿಸಿ ಕೊಟ್ಟ. ನಾನೇ ಕೂರಿಸ್ತೀನಿ. ಸೇತುವೆ ಆದ ದಿನದಿಂದ ದಿನಾ ಬರ್ತೀನಿ ನೋಡ್ತಿರು.”

ಆರ್ಮಂಡನ ಮುಖ ಬದಲಾಯಿತು. ಮೊಳೆ ಕೆಳಗೆ ಬಿತ್ತು. ಅವನು ಎಡಗೈಯಿಂದ ಸತ್ತುಬಿದ್ದಿದ್ದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಪಕ್ಕದಲ್ಲಿ ಎಡಗೈಯನ್ನೂ ಇಟ್ಟ, ಎರಡರ ಬೆರಳೂ ಅವಳ ಕಡೆಗೆ. ಆಮೇಲೆ ಎಡಗೈಯನ್ನು ಓರೆಮಾಡಿ ಅವಳತ್ತ ಮುಂದಕ್ಕೆ ತಳ್ಳಿದ. ತಲೆ ಅಲ್ಲಾಡಿಸಿದ. ಮತ್ತೆ ತಳ್ಳಿದ. ಗಂಟಲಲ್ಲಿ “ನ್… ನ್…” ಎಂದು ಒಂದು ಸದ್ದು.

“ಏನು? ಬರಬೇಡ ಅಂತೀಯಾ?”

ಅವನು ಕಣ್ಣು ಮುಚ್ಚಿ ಕುರ್ಚಿಯ ತೋಳನ್ನು ಗುದ್ದಿದ. ಮತ್ತೆ ಅದೇ, ಕೈ ಮುಂದಿಟ್ಟು ತಳ್ಳುವುದು. ಮೊಳೆಯ ಡಬ್ಬಿ ಉರುಳಿ ಮೊಳೆಗಳೆಲ್ಲ ಚೆಲ್ಲಿದವು. ನರ್ಸಮ್ಮ ಓಡಿ ಬಂದು “ಇವತ್ತಿಗೆ ಸಾಕು, ಸುಸ್ತಾಗಿದೆ ಅವರಿಗೆ” ಎಂದಳು. ರೋಸಲಿ ಮಂಡಿಯೂರಿ ಮೊಳೆ ಆರಿಸಿಕೊಂಡು ಎದ್ದಳು. ಬಾಗಿಲಲ್ಲಿ ತಿರುಗಿ ನೋಡಿದಾಗಲೂ ಆ ಎಡಗೈ ಅವಳನ್ನು ತಳ್ಳುತ್ತಲೇ ಇತ್ತು.

ಲಾಂಚಿನಲ್ಲಿ ಅವಳು ಮೊಳೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಒಂದೋ, ಅವನಿಗೆ ಎಲ್ಲ ಅರ್ಥವಾಗಿ ಅವಳು ಬೇಡವಾಗಿದ್ದಾಳೆ. ಇಲ್ಲವೋ, ಏನೂ ಅರ್ಥವಾಗದೆ ಸುಮ್ಮನೆ ಕೈ ಬಡಿಯುತ್ತಿದ್ದಾನೆ. ಎರಡರಲ್ಲಿ ಯಾವುದು ಹೆಚ್ಚು ನೋಯಿಸುತ್ತದೆ ಎಂದು ಯೋಚಿಸುವುದರಲ್ಲೇ ನಾಲ್ಕು ಮೈಲಿ ಮುಗಿಯಿತು.

ಬಂಡಿಗೆ ಮೊಳೆ ಕೂರಿಸಲು ಎದುರು ಮನೆಯ ವಿನಿಫ್ರೆಡ್ ಬಂದಳು. ಅವಳು ಆರ್ಮಂಡನ ದೊಡ್ಡಪ್ಪನ ಮಗಳು, ವಯಸ್ಸು ಎಪ್ಪತ್ತು. ಗಂಡ ಸತ್ತು ಇಪ್ಪತ್ತು ವರ್ಷವಾದ ಮೇಲೆ ನಾಲಿಗೆ ಇನ್ನಷ್ಟು ಹರಿತವಾಗಿತ್ತು. ಇಬ್ಬರೂ ಶೆಡ್ಡಿನಲ್ಲಿ ಬಂಡಿಯನ್ನು ಪಕ್ಕಕ್ಕೆ ಮಲಗಿಸಿ, ಒಲೆ ಹಚ್ಚಿ, ಪಟ್ಟಾದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ತೂತು ಕೊರೆಯತೊಡಗಿದರು. ಒಂದು ಮೊಳೆ ಹೋದ ಗೆರೆಯಲ್ಲೇ ಹಿಂದಿನದು ಹೋಗಬಾರದು. ಪ್ರತಿಯೊಂದಕ್ಕೂ ಕಚ್ಚಲು ತನ್ನದೇ ಹೊಸ ಜಾಗ ಸಿಗಬೇಕು. ಹೊರಗಿಂದ ಬಿಲ್ಲೆ, ನಟ್ಟು, ಒಳಗಿಂದ ಮೊಳೆ. ಐವತ್ತು ಮುಗಿಯುವಷ್ಟರಲ್ಲಿ ರೋಸಲಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತು.

“ಡ್ರಿಲ್ಲನ್ನ ಹಾಗೆ ಹಿಡಿದ್ರೆ ಅದು ನಿನ್ನನ್ನೇ ಕೊರೆಯುತ್ತೆ ಕಣೇ. ಅಂಚೆ ಚೀಟಿ ಅಂಟಿಸೋದಲ್ಲ ಇದು” ಎಂದಳು ವಿನಿಫ್ರೆಡ್.

“ವಿನ್ನಿ, ಅವನು ಬರಬೇಡ ಅಂದ.”

“ಅಂದನಾ? ಮಾತೇ ಬರಲ್ಲ ಅಂತ ಎರಡು ತಿಂಗಳಿಂದ ನನ್ನ ತಲೆ ತಿಂದಿದೀಯ.”

“ಕೈಯಲ್ಲಿ ಅಂದ. ಹೀಗೆ ತಳ್ಳಿಬಿಟ್ಟ ನನ್ನ.”

ವಿನಿಫ್ರೆಡ್ ಡ್ರಿಲ್ಲು ನಿಲ್ಲಿಸಿದಳು. “ನೋಡೇ, ಆ ಮನುಷ್ಯನ್ನ ನಾನು ತೊಟ್ಟಿಲಿಂದ ಬಲ್ಲೆ. ಹುಟ್ಟಿದಾಗಿಂದ ಯಾರಿಗೂ ಹೋಗು ಅಂದವನಲ್ಲ. ಬೇಲಿ ಹಾರಿ ಬಂದು ಕ್ಯಾರೆಟ್ಟೆಲ್ಲ ತಿಂದ ಕುದುರೆಗೂ ಹೋಗು ಅನ್ನಲಿಲ್ಲ, ಪಕ್ಕ ನಿಂತು ಕತ್ತು ತುರಿಸ್ತಿದ್ದ. ನಿನಗೆ ಅಂತಾನಾ?”

“ಹಾಗಾದ್ರೆ ಇನ್ನೇನು? ತಲೆ ಕೆಟ್ಟಿದೆ ಅಂತಲಾ?”

ವಿನಿಫ್ರೆಡ್ ಎದ್ದು ಒಲೆಯ ಮೇಲಿದ್ದ ಮೀನಿನ ಸಾರನ್ನು ಎರಡು ಲೋಟಕ್ಕೆ ಬಗ್ಗಿಸಿದಳು. ಅದನ್ನು ಕುಡಿದು ಇಬ್ಬರೂ ಮತ್ತೆ ಕೊರೆಯಲು ಕೂತರು. ಮಾರನೆಯ ದಿನ ಮಧ್ಯಾಹ್ನಕ್ಕೆ ಕೊನೆಯ ನಟ್ಟು ಬಿಗಿಯಾಯಿತು.

ಜನವರಿಯ ಕೊನೆಗೆ ಮೂರು ದಿನ ಗಾಳಿ ಬಿದ್ದುಹೋಯಿತು, ಸರೋವರ ಹೆಪ್ಪುಗಟ್ಟಿ ಕೂಡಿಕೊಂಡಿತು. ಗಂಡಸರು ಸಲಾಕೆ ಹಿಡಿದು ಚುಚ್ಚುತ್ತಾ ಹೋಗಿ ಆಚೆ ದಡ ಮುಟ್ಟಿ ಬಂದರು. ಇನ್ನು ಉಳಿದದ್ದು ಮರ ನೆಡುವ ಕೆಲಸ. ಬೆಲ್‌ರೋಶ್‌ನಲ್ಲಿ ಕ್ರಿಸ್‌ಮಸ್ ಮರವನ್ನು ಯಾರೂ ಎಸೆಯುವುದಿಲ್ಲ. ಅಲಂಕಾರ ಬಿಚ್ಚಿ ಬಂದರಿಗೆ ಎಳೆದು ತಂದು ರಾಶಿ ಹಾಕುತ್ತಾರೆ. ಸೇತುವೆ ಆದಾಗ ಅವನ್ನೇ ಸಾಲಾಗಿ ಮಂಜುಗಡ್ಡೆಯಲ್ಲಿ ನೆಟ್ಟು ದಾರಿ ಗುರುತು ಮಾಡುತ್ತಾರೆ. ಈ ಸಲ ಎರಡನೇ ಮೈಲಿಯ ಹತ್ತಿರ ಮಂಜುಗಡ್ಡೆ ಸೀಳಿ ನೀರು ಕಾಣುತ್ತಿದೆಯೆಂದೂ, ಮರದ ಸಾಲು ಅಲ್ಲಿ ಬಲವಾಗಿ ಎಡಕ್ಕೆ ಹೊರಳುತ್ತದೆಂದೂ ಹೋಗಿ ಬಂದವರು ಹೇಳಿದರು.

ಹೊರಡುವ ಮುಂಚೆ ಒಮ್ಮೆ ಬಂದರಿನೊಳಗೇ ಓಡಿಸಿ ನೋಡೋಣ ಎಂದು ರೋಸಲಿ ಬಂಡಿ ಏರಿದಳು. ದಡದಲ್ಲಿ ಮರದ ರಾಶಿಯ ಪಕ್ಕ ವಿನಿಫ್ರೆಡ್ ಕೈಕಟ್ಟಿ ನಿಂತಿದ್ದಳು. ಬಂಡಿ ಹಿಂದೆಂದೂ ಹೊರಡದಷ್ಟು ಸಲೀಸಾಗಿ ಹೊರಟಿತು. ಕಪ್ಪು ಮಂಜುಗಡ್ಡೆಯನ್ನು ನೂರಾ ನಲವತ್ತನಾಲ್ಕು ಮೊಳೆ ಕಟಕಟನೆ ಕಚ್ಚಿ ಹಿಡಿದವು. ಬಾಲ ಅಲುಗಲಿಲ್ಲ, ಜಾರಲಿಲ್ಲ. ಬ್ರೇಕು ಒತ್ತಿದರೆ ಕಂಬ ನೆಟ್ಟ ಹಾಗೆ ನಿಂತಿತು. ಎರಡು ತಿಂಗಳ ಮೇಲೆ ರೋಸಲಿ ಮನಸಾರೆ ಒಮ್ಮೆ ಕೂಗಿದಳು. ಕೂಗುತ್ತಾ ತಿರುಗಿ ದಡದತ್ತ ಬಂದವಳು, ರಾಶಿಯ ಮುಂದೆ ಎಡಕ್ಕೆ ಹೊರಳೋಣವೆಂದು ಹ್ಯಾಂಡಲ್ ಎಳೆದಳು. ಸ್ಕೀ ಎರಡೂ ಎಡಕ್ಕೆ ತಿರುಗಿದವು. ಬಂಡಿ ತಿರುಗಲಿಲ್ಲ. ಇನ್ನೂ ಎಳೆದಳು. ಹಿಂದಿನ ಮೊಳೆಗಳು ಅಷ್ಟೇ ನಿಷ್ಠೆಯಿಂದ ಅವಳನ್ನು ನೇರವಾಗಿ ತಳ್ಳಿಕೊಂಡು ಹೋದವು. ಬ್ರೇಕಿನ ನೆನಪಾಗುವಷ್ಟರಲ್ಲಿ ಬಂಡಿ ಮರದ ರಾಶಿಯೊಳಗೆ ಅರ್ಧ ಹೂತುಹೋಗಿತ್ತು.

“ಹಬ್ಬ ಮುಗಿದು ತಿಂಗಳಾಯ್ತು ಕಣೇ!” ವಿನಿಫ್ರೆಡ್ ಓಡಿ ಬಂದಳು. “ಮರದ ಕೆಳಗೆ ಏನು ಹುಡುಕ್ತಿದೀಯ? ಪೆಟ್ಟಾಯ್ತಾ? ಕೈಕಾಲು ಆಡಿಸು ನೋಡೋಣ.”

ಪೆಟ್ಟೇನೂ ಆಗಿರಲಿಲ್ಲ. ಮೈತುಂಬ ಮರದ ಸೂಜಿಯಂಥ ಎಲೆ, ಬಾಯಲ್ಲೂ ಎರಡು. ಅವಳು ಉಗುಳಿ ಬಂಡಿಯ ಮುಂದಕ್ಕೆ ತೆವಳಿದಳು. ರಾಶಿಯ ಮೇಲೆ ಮೂತಿ ಎತ್ತಿ ನಿಂತಿದ್ದರಿಂದ ಸ್ಕೀಗಳ ಅಡಿಭಾಗ ಕಣ್ಣಿಗೆ ನೇರ ಕಾಣುತ್ತಿತ್ತು. ಅಲ್ಲಿ ಹರಿತವಾದ ಕಾರ್ಬೈಡ್ ಅಂಚು ಇರಲಿಲ್ಲ. ಸವೆದು ಗುಂಡಗಾದ ಹಳೇ ಕಬ್ಬಿಣವಿತ್ತು.

“ಅಯ್ಯೋ ನನ್ನ ಮಂಕುತನವೇ” ಎಂದು ವಿನಿಫ್ರೆಡ್ ಹಣೆ ಚಚ್ಚಿಕೊಂಡಳು. “ಇದು ಬೀದಿ ಕಬ್ಬಿಣ!”

ಬೆಲ್‌ರೋಶ್‌ನಲ್ಲಿ ಕಾರಿಲ್ಲ. ಬೇಸಿಗೆಯಲ್ಲಿ ಕುದುರೆ, ಚಳಿಗಾಲದಲ್ಲಿ ಈ ಬಂಡಿ. ಚಳಿಗಾಲದ ಆರಂಭದಲ್ಲಿ ಹಿಮ ತೆಳ್ಳಗಿದ್ದು ರಸ್ತೆಯ ಡಾಂಬರು ಅಲ್ಲಲ್ಲಿ ಇಣುಕುತ್ತಿರುತ್ತದೆ. ಒಳ್ಳೆ ಕಾರ್ಬೈಡನ್ನು ಅದರ ಮೇಲೆ ಉಜ್ಜಿ ಹಾಳುಮಾಡುವುದು ಬೇಡವೆಂದು ದ್ವೀಪದ ಗಂಡಸರು ನವೆಂಬರಿನಲ್ಲಿ ಅದನ್ನು ಬಿಚ್ಚಿಟ್ಟು, ಸವೆದ ಬೀದಿ ಕಬ್ಬಿಣ ಹಾಕಿಕೊಳ್ಳುತ್ತಾರೆ. ಸೇತುವೆ ಆದ ದಿನ ಮತ್ತೆ ಅದಲುಬದಲು. ಶೆಡ್ಡಿನಲ್ಲಿ ಕಾಫಿ ಕುಡಿಯುತ್ತಾ ಮಾಡಿ ಮುಗಿಸುವ ಈ ಕೆಲಸವನ್ನು ಹೆಂಡತಿಗೆ ಹೇಳಬೇಕೆಂದು ಯಾರಿಗೂ ತೋಚಿದ್ದಿಲ್ಲ. ಆಚೆ ದಡದ ಡೆಲ್ಬರ್ಟನಿಗೆ ಇದೆಲ್ಲ ಗೊತ್ತಿರುವುದೂ ಸಾಧ್ಯವಿರಲಿಲ್ಲ. ಆರ್ಮಂಡ್ ಈ ಸಲ ಕಬ್ಬಿಣ ಬದಲಿಸಿದ ಐದನೇ ದಿನ ಬಿದ್ದಿದ್ದ.

“ನಾನಾದ್ರೂ ನೋಡಬಾರದಿತ್ತಾ? ಐಸಿನ ಮೇಲೆ ಹೋಗದೆ ಹನ್ನೆರಡು ವರ್ಷ ಆಯ್ತು, ಮರೆತೇಹೋಗಿತ್ತು” ಎಂದು ವಿನಿಫ್ರೆಡ್ ಗೊಣಗುತ್ತಲೇ ಇದ್ದಳು. “ಆ ಬಿರುಕಿನ ಹತ್ತಿರ ಹೀಗಾಗಿದ್ರೆ ಏನೇ ಗತಿ? ನೀರಿಗೇ ಹೋಗ್ತಿದ್ದೆ!”

ರೋಸಲಿ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಮುಂದೆ ಸ್ಕೀಗಳೆರಡು ಪಕ್ಕಪಕ್ಕದಲ್ಲಿ, ಮೂತಿ ಅವಳ ಕಡೆಗೆ ಮಾಡಿ, ಓರೆಯಾಗಿ ನಿಂತಿದ್ದವು. ಅವಳು ಕೈಗವಸು ಕಳಚಿದಳು. ಎರಡು ಅಂಗೈಯನ್ನೂ ಕೆಳಮುಖವಾಗಿ ಪಕ್ಕಪಕ್ಕದಲ್ಲಿ ಹಿಡಿದಳು. ಒಂದನ್ನು ಓರೆಮಾಡಿದಳು. ನೇರವಾಗಿ ಮುಂದಕ್ಕೆ ತಳ್ಳಿದಳು.

“ವಿನ್ನಿ, ಅವನು ಮಾಡಿದ್ದು ಹೀಗೆ.”

ವಿನಿಫ್ರೆಡ್ ಕೈಗಳನ್ನು ನೋಡಿದಳು. ಸ್ಕೀ ನೋಡಿದಳು.

“ಹೋಗು ಅಂದಿದ್ದಲ್ಲ ಕಣೇ ಅವನು” ಎಂದಳು ರೋಸಲಿ. “ಸ್ಕೀ ಅಂದಿದ್ದು. ತಿರುಗಿಸಿದ್ರೂ ತಿರುಗಲ್ಲ, ನೇರ ಹೋಗುತ್ತೆ ಅಂದಿದ್ದು. ಎಷ್ಟು ಮೊಳೆ ಅಂತ ನಾನು ಹೇಳಿದ್ದು ಅವನಿಗೆ ತಿಳೀತು. ನವೆಂಬರಲ್ಲಿ ತಾನು ಏನು ಹಾಕಿದ್ದೆ ಅನ್ನೋದೂ ನೆನಪಿತ್ತು. ಎರಡನ್ನೂ ಕೂಡಿಸಿ ನೋಡಿದ. ವಿನ್ನಿ, ಅವನಿಗೆ ಎಲ್ಲಾ ಅರ್ಥ ಆಗ್ತಿದೆ! ಪೂರ್ತಿ ಇದಾನೆ ಅವನು!”

ಮರದ ರಾಶಿಯ ಮೇಲೆ ಕೂತು ಅವಳು ನಗುತ್ತಾ ಅತ್ತಳು. ಮುದುಕಿಯೂ ಪಕ್ಕ ಕೂತು, ತನ್ನ ಕರವಸ್ತ್ರದಲ್ಲಿ ಮೊದಲು ತನ್ನ ಮೂಗು ಒರೆಸಿಕೊಂಡು ಆಮೇಲೆ ಅವಳಿಗೆ ಕೊಟ್ಟಳು. ಕಾರ್ಬೈಡ್ ಕಬ್ಬಿಣಗಳು ಶೆಡ್ಡಿನ ಗೂಟದಲ್ಲೇ ಎಣ್ಣೆ ಸವರಿಕೊಂಡು ನೇತಾಡುತ್ತಿದ್ದವು. ಹಾಕುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಮಾರನೆಯ ದಿನ ಮಧ್ಯಾಹ್ನ ಅಂಚೆ ಕಚೇರಿಗೆ ಬೀಗ ಹಾಕಿ ರೋಸಲಿ ಹೊರಟಳು. ಎರಡನೇ ಮೈಲಿಯಲ್ಲಿ ಮರದ ಸಾಲು ಎಡಕ್ಕೆ ಹೊರಳಿತು. ಅವಳು ಹ್ಯಾಂಡಲ್ ತಿರುಗಿಸಿದಳು. ಸ್ಕೀ ಮಂಜುಗಡ್ಡೆಯನ್ನು ಕರ್ ಎಂದು ಗೀರಿತು, ಬಂಡಿ ಮಾತು ಕೇಳುವ ದನದಂತೆ ಹೊರಳಿತು. ಬಲಕ್ಕೆ ಹತ್ತು ಮಾರು ದೂರದಲ್ಲಿ ಬಿರುಕಿನ ಕಪ್ಪು ನೀರು ಹಬೆಯಾಡುತ್ತಿತ್ತು. ಅದನ್ನು ದಾಟಿದ ಮೇಲೆ ರೋಸಲಿ ಹೆಲ್ಮೆಟ್ಟಿನೊಳಗೇ ಗಟ್ಟಿಯಾಗಿ ಒಬ್ಬೊಬ್ಬರ ಹೆಸರು ಹೇಳಿ ಉಪಕಾರ ನೆನೆದಳು. ಬೇಡವೆಂದರೂ ಹತ್ತು ಪ್ರಶ್ನೆ ಕೇಳಿದ ಡೆಲ್ಬರ್ಟ್, ಬೊಬ್ಬೆ ಎದ್ದ ಕೈಗೆ ಮುಲಾಮು ಹಚ್ಚಿ ಬೈದ ವಿನ್ನಿ, ಸಲಾಕೆ ಹಿಡಿದು ಮುಂದೆ ನಡೆದವರು, ಮರ ಕೊಟ್ಟ ಮನೆಯವರೆಲ್ಲರು. ನವೆಂಬರಿನಿಂದ ಮಾತು ಬಿಟ್ಟಿದ್ದ ದೇವರನ್ನೂ ಸೇರಿಸಿಕೊಂಡಳು, ಕೊನೆಯಲ್ಲಿ. ಆರ್ಮಂಡನ ಹೆಸರು ಮಾತ್ರ ಹೇಳಲಿಲ್ಲ. ಅವನಿಗೆ ಎದುರಿಗೇ ಹೇಳುವುದಿತ್ತು.

ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಯ ಕೋಣೆಗೆ ನುಗ್ಗಿದಾಗ ಅವನು ಬಾಗಿಲನ್ನೇ ನೋಡುತ್ತಿದ್ದ. ಅವಳು ಎರಡು ಅಂಗೈಯನ್ನು ಪಕ್ಕಪಕ್ಕ ಹಿಡಿದಳು. ಎಡಕ್ಕೆ ತಿರುಗಿಸಿ, ತಾನೂ ಇಡೀ ಮೈಯೊಂದಿಗೆ ಎಡಕ್ಕೆ ಹೊರಳಿ ಮಂಚವನ್ನು ಒಂದು ಸುತ್ತು ಬಂದು ಅವನ ಮುಂದೆ ನಿಂತಳು.

ಆರ್ಮಂಡನ ಬಾಯಿಯ ಎಡತುದಿ ಮೇಲೇರಿತು. ಕಣ್ಣು ತುಂಬಿ ಹರಿಯಿತು. ನವೆಂಬರಿನಿಂದ ಎದೆಯಲ್ಲಿ ಕೂತಿದ್ದ ಮುಳ್ಳು ಕಿತ್ತುಬಂದದ್ದು ರೋಸಲಿಗೆ ಮೈಯಲ್ಲೇ ತಿಳಿಯಿತು.

“ನೀನು ಉಳಿಸಿದೆ ಕಣೋ ನನ್ನ” ಎಂದಳು. “ನಾನು ದಡ್ಡಿ, ಮುನಿಸ್ಕೊಂಡು ಹೋದೆ.”

ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಕಣ್ಣೀರು ಒರೆಸಿಕೊಳ್ಳಲೂ ನಿಲ್ಲದೆ ಎಡಗೈ ಎತ್ತಿದ. ಮುಷ್ಟಿ ಹಿಡಿದು ಗಾಳಿಯಲ್ಲಿ ಸ್ಪ್ಯಾನರ್ ಹಿಡಿದವನ ಹಾಗೆ ತಿರುವಿದ. ಹುಬ್ಬು ಹಾರಿಸಿದ. ಮತ್ತೆ ತಿರುವಿದ. ಈ ಸಲ ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಹೊಸ ಮೊಳೆ ಕೂರಿಸಿ ಮೊದಲ ಸಲ ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಬೇಕು. ಡಬ್ಬಿಯ ಮೇಲೂ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿತ್ತು.

“ಇಲ್ಲ, ಮಾಡಿಲ್ಲ” ಎಂದು ಅವಳು ಒಪ್ಪಿಕೊಂಡಳು.

ಆರ್ಮಂಡ್ ಕಣ್ಣು ಮೇಲಕ್ಕೆ ತಿರುಗಿಸಿ ಚಾವಣಿ ನೋಡಿದ. ಮೂವತ್ತೊಂದು ವರ್ಷ, ಅವಳು ಒಲೆಯ ಬಾಗಿಲು ಮುಚ್ಚಲು ಮರೆತಾಗ, ಹಗ್ಗ ಸಡಿಲ ಕಟ್ಟಿದಾಗ, ಅವನು ಒಂದು ಮಾತೂ ಆಡದೆ ಹೀಗೇ ಚಾವಣಿ ನೋಡುತ್ತಿದ್ದ. ಇದೇ ನೋಟಕ್ಕೆ ಅವಳು ಎಷ್ಟು ಸಲ ರೇಗಿದ್ದಳೋ, ಎಷ್ಟು ರಾತ್ರಿ ಮುಖ ತಿರುಗಿಸಿ ಮಲಗಿದ್ದಳೋ ಲೆಕ್ಕವಿಲ್ಲ. ಈಗ ಅದನ್ನು ಕಣ್ತುಂಬ ನೋಡಿದಳು. ಬಾಗಿ ಅವನ ಹಣೆಗೆ ತನ್ನ ತಣ್ಣನೆಯ ಹಣೆ ಒತ್ತಿದಳು.

“ಮಾಡ್ತೀನಿ ಮಾರಾಯ, ನೂರಾ ನಲವತ್ತನಾಲ್ಕೂ ಬಿಗಿ ಮಾಡ್ತೀನಿ. ಬೈಬೇಡ” ಎಂದಳು. ಆಮೇಲೆ ತಲೆ ಅಲ್ಲಾಡಿಸಿದಳು. “ಇಲ್ಲ ಇಲ್ಲ, ಬೈ. ಚೆನ್ನಾಗಿ ಬೈ.”

ಅವನು ಮುಷ್ಟಿ ಎತ್ತಿ ಇನ್ನೊಂದು ಸಲ ನಟ್ಟು ತಿರುವಿ ತೋರಿಸಿದ.